ಮೂಟೆಯ ಪಾಲು

ಚಪ್ಪಲಿ ಬಿಡಿ, ಮೊಬೈಲು ಕಿಟಕಿಯಲ್ಲಿಡಿ, ಹತ್ತಿ.
ತೂಕದ ಯಂತ್ರದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ,
ಉಸಿರಿಗೂ ಗ್ರಾಂ ಲೆಕ್ಕವಿದೆಯೇನೋ ಎಂಬಂತೆ.
ಕೆಲವರು ಬಳೆ ಬಿಚ್ಚುತ್ತಾರೆ.
ಒಬ್ಬರು ಒಮ್ಮೆ ತಾಳಿಸರವನ್ನು ಕತ್ತಿನಿಂದೆತ್ತಿ
ಕೈಯಲ್ಲಿ ಹಿಡಿದು ನಿಂತಿದ್ದರು,
ಕೈಯೂ ತಮ್ಮದೇ ಎಂಬುದನ್ನು ಮರೆತು.

ಹಾಸನ, ಸಾಲಗಾಮೆ ರಸ್ತೆ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿ.
ಕೆಳಗಿನಿಂದ ಔಷಧಿ ಡಬ್ಬಿಗಳ ಘಾಟು, ಒಳಗೆ ರಬ್ಬರು ಮ್ಯಾಟಿನದು.
ನನ್ನ ಹತ್ತಿರ ಒಂದು ಸೂತ್ರವಿದೆ:
ತೂಕವನ್ನು ಹತ್ತರಿಂದ ಗುಣಿಸು,
ಎತ್ತರವನ್ನು ಆರೂಕಾಲಿನಿಂದ,
ಎರಡನ್ನೂ ಕೂಡಿಸಿ ವಯಸ್ಸಿನ ಐದರಷ್ಟು ಕಳೆ.
ಗಂಡಾದರೆ ಐದು ಸೇರಿಸು.
ಹೆಣ್ಣಾದರೆ ನೂರ ಅರವತ್ತೊಂದು ಕಳೆ.
ಏಕೆಂದು ಕೋರ್ಸಿನಲ್ಲಿ ಹೇಳಿಕೊಟ್ಟಿದ್ದಾರೆ, ಬಲ್ಲೆ.
ಆದರೂ ಪ್ರತಿ ಸಲ ಆ ಸಾಲಿಗೆ ಬಂದಾಗ
ಬೆರಳು ಕ್ಯಾಲ್ಕುಲೇಟರಿನ ಮೇಲೆ ಒಂದು ಚಣ ತಡೆಯುತ್ತದೆ.

ಆಮೇಲೆ ಕೇಳಬೇಕು: ದಿನವೆಲ್ಲಾ ಏನು ಮಾಡುತ್ತೀರಿ?
'ಏನಿಲ್ಲ, ಮನೇಲೇ ಇರ್ತೀನಿ' ಅಂದಳು ಮುಬೀನಾ.
ಏನಿಲ್ಲದವರಿಗೆ ಒಂದು ಪಾಯಿಂಟ್ ಎರಡು.
ಬರೆದು ತಲೆಯೆತ್ತಿದರೆ, ಅವಳ ಬಲಗಾಲಿನ ಮೀನಖಂಡ
ಎಡದ್ದಕ್ಕಿಂತ ದಪ್ಪ,
ಹೊಲಿಗೆ ಮಷೀನು ತುಳಿದೂ ತುಳಿದೂ.
ಬರೆದದ್ದನ್ನು ಹೊಡೆದುಹಾಕಿದೆ.

ಸರ್ವೆ ಆಫೀಸಿನ ಧರಣೇಂದ್ರ ಹೊತ್ತು ಮುಳುಗಿದ ಮೇಲೆ ಏನೂ ಮುಟ್ಟರು;
ಅಷ್ಟರೊಳಗೆ ಮುಗಿಯಬೇಕಲ್ಲ ಎಂದು
ಐದೂವರೆಯಿಂದ ಆರರವರೆಗೆ ಮುಟ್ಟಿದ್ದಕ್ಕೆ ಲೆಕ್ಕವಿಲ್ಲ.
ಮುದ್ದೆ ಎಷ್ಟು ದೊಡ್ಡದು ಎಂದರೆ ಮುಷ್ಟಿ ತೋರಿಸುತ್ತಾರೆ ಎಲ್ಲರೂ.
ಯಾರ ಮುಷ್ಟಿ? ಉಂಡವರದೋ, ಕಟ್ಟಿದವರದೋ?

ಮೇ ತಿಂಗಳ ಒಂದು ಮಧ್ಯಾಹ್ನ
ಮೆಟ್ಟಿಲಿಗೊಮ್ಮೆ ನಿಂತು ನಿಂತು ಮಂಚಯ್ಯ ಬಂದರು.
ಅರವತ್ತೊಂದು ವರ್ಷ, ಐವತ್ತೆಂಟು ಕೆಜಿ.
ಎಪಿಎಂಸಿ ಯಾರ್ಡಿನಲ್ಲಿ ನಲವತ್ತು ವರ್ಷ ಆಲೂಗೆಡ್ಡೆ ಮೂಟೆ ಹೊತ್ತವರು;
ಜಲಂಧರದ ಬಿತ್ತನೆ ಗೆಡ್ಡೆ ಲಾರಿ ಬಂದರೆ ರಾತ್ರಿಯೂ.
'ಮಂಡಿ ನೋವು, ಮಂಡಿ ಬಿಟ್ಟೆ' ಅಂದರು. ನಗಲಿಲ್ಲ.
'ಶಿವರಾತ್ರಿಗೆ ಕೆಲ್ಸ ನಿಂತೋಯ್ತು ಕಣವ್ವ, ಹಸಿವು ನಿಂತಿಲ್ಲ.
ಹೊಟ್ಟೆಗಿನ್ನೂ ಸುದ್ದಿ ಮುಟ್ಟಿಲ್ಲ.
ಈಗ ನಾನು ಎಷ್ಟು ಉಣ್ಬೇಕು? ಒಸಿ ಲೆಕ್ಕ ಹಾಕು.'

ಹಾಕಿದೆ.
ಮೂಟೆಯಿದ್ದಾಗ ಎರಡು ಸಾವಿರದ ನಾನೂರ ಐವತ್ತು.
ಈಗ ಸಾವಿರದ ಏಳುನೂರ ಎಂಬತ್ತು.
ನಡುವಿನದನ್ನು ಕ್ಯಾಲೊರಿಯಲ್ಲಿ ಹೇಳಲು ಬಾಯಿ ಬರಲಿಲ್ಲ.
'ದಿನಕ್ಕೆ ಎರಡು ಮುದ್ದೆ ಕಮ್ಮಿ' ಅಂದೆ.

ಎರಡು ಬೆರಳು ಮಡಿಚಿ ನೋಡಿಕೊಂಡರು.
ಫ್ಯಾನು ತಿರುಗುತ್ತಿತ್ತು.
'ಅಂಗಾರೆ ಇಷ್ಟು ದಿನ
ಮೂಟೆ ಪಾಲೂ ನಾನೇ ಉಂಡಂಗಾಯ್ತು.'

ಹೋಗುವಾಗ ಸಾಲಿನಲ್ಲಿದ್ದ ಡಂಬೆಲ್ ಒಂದನ್ನು,
ಇಪ್ಪತ್ತು ಎಂದು ಬರೆದದ್ದನ್ನು,
ಕೊತ್ತಂಬರಿ ಕಟ್ಟಿನಂತೆ ಎತ್ತಿ
ಒಮ್ಮೆ ಮೇಲೆ ಕೆಳಗೆ ಆಡಿಸಿ ಇಟ್ಟರು:
'ಅರ್ಧ ಕೆಜಿ ಮೋಸ ಐತೆ.'

ಸಂಜೆ ಕೆಳಗಿನ ಅಂಗಡಿಯ ತಕ್ಕಡಿಗೆ ಹಾಕಿಸಿದೆ.
ಹತ್ತೊಂಬತ್ತು ಕೆಜಿ, ನಾನೂರ ತೊಂಬತ್ತು ಗ್ರಾಂ.
ಮೂರು ವರ್ಷದಿಂದ ಅದನ್ನು ಎತ್ತಿಸಿ ಎತ್ತಿಸಿ
ಎಷ್ಟು ಜನರ ಪುಸ್ತಕದಲ್ಲಿ ಇಪ್ಪತ್ತು ಬರೆದಿದ್ದೇನೋ.

ಹದಿನೈದು ದಿನ ಬಿಟ್ಟು ಮತ್ತೆ ಬಂದರು, ಬಾಗಿಲಲ್ಲೇ ನಿಂತು,
'ಒಂದು ಬಿಟ್ಟಿವ್ನಿ. ಇನ್ನೊಂದಕ್ಕೆ ಒಸಿ ಟೈಮು ಬೇಕು ಕಣವ್ವ.
ಅದೂ ನಲವತ್ತು ವರ್ಷದ್ದಲ್ವಾ.'
'ಆಗಲಿ, ನಾನು ಹೇಳಿದ್ದೂ ಅಂದಾಜು ತಾನೆ' ಅಂದೆ.
ಅವರ ಕಣ್ಣು ಗೋಡೆ ಬದಿಯ ಸಾಲಿನತ್ತ ಹೋಯಿತು.
ಡಂಬೆಲ್ ಅಲ್ಲೇ ಇತ್ತು;
ಇಪ್ಪತ್ತನ್ನು ನಾನಿನ್ನೂ ತಿದ್ದಿರಲಿಲ್ಲ.